ಕ್ರೇನಕ್ಕ ಸಿಹಿ ಬಿಟ್ಟಳು

ಕಟ್ಟಡದ ಕೆಲಸದವರೆಲ್ಲ ಅವಳನ್ನು ಕ್ರೇನಕ್ಕ ಎಂದೇ ಕರೆಯುತ್ತಿದ್ದರು. ಮಹಡಿಗಳಿಗಿಂತ ಎತ್ತರದ ಕ್ಯಾಬಿನ್ನಿನಲ್ಲಿ ಒಬ್ಬಳೇ ಕೂತು, ಕಬ್ಬಿಣದ ತೊಲೆಗಳನ್ನು ಹೂವಿನ ಹಾಗೆ ಇಳಿಸುವವಳು. ಕೈ ಎಷ್ಟು ಹತೋಟಿಯಲ್ಲಿತ್ತೋ ಬಾಯಿ ಅಷ್ಟೇ ಹತೋಟಿ ತಪ್ಪಿತ್ತು. ಜೇಬು ತುಂಬ ಚಾಕೊಲೇಟು ಇಲ್ಲದೆ ಏಣಿ ಹತ್ತಿದವಳೇ ಅಲ್ಲ. ಯಾರಾದರೂ ಕೇಳಿದರೆ, "ಕ್ರೇನಿಗೆ ಕರೆಂಟು, ನನಗೆ ಇದು" ಅನ್ನುತ್ತಿದ್ದಳು.

ಒಂದು ಮಧ್ಯಾಹ್ನ ತೊಲೆ ಇನ್ನೂ ಗಾಳಿಯಲ್ಲಿ ತೂಗುತ್ತಿತ್ತು. ಕೆಳಗೆ ನಿಂತು ಸನ್ನೆ ಮಾಡುವವನ ಕೈ ಅವಳಿಗೆ ಮಂಜುಮಂಜಾಗಿ ಕಂಡಿತು. ಕಣ್ಣುಜ್ಜಿದರೂ ತಿಳಿಯಾಗಲಿಲ್ಲ. ವಾಕಿಟಾಕಿ ಎತ್ತಿಕೊಂಡಳು.

"ತಮ್ಮಾ, ಎಲ್ಲರನ್ನೂ ದೂರ ಕಳಿಸು. ನಂಗೆ ಕಣ್ಣು ಸರಿಯಾಗಿ ಕಾಣ್ತಿಲ್ಲ. ನೀನು ಬಾಯಲ್ಲಿ ಹೇಳ್ತಾ ಹೋಗು, ನಾನು ಇಳಿಸ್ತೀನಿ."

ತೊಲೆ ಸದ್ದಿಲ್ಲದೆ ನೆಲ ಮುಟ್ಟಿತು. ಅವನೇ ಮೇಲೆ ಹತ್ತಿ ಬಂದು ಅವಳನ್ನು ನಿಧಾನವಾಗಿ ಇಳಿಸಿಕೊಂಡು ಹೋದ.

ವೈದ್ಯೆ ಮುಚ್ಚುಮರೆ ಮಾಡಲಿಲ್ಲ. "ರಕ್ತದಲ್ಲಿ ಸಕ್ಕರೆ ಮಿತಿ ಮೀರಿದೆ. ಮಾತ್ರೆ ಕೊಡ್ತೀನಿ. ಸಿಹಿ ಪೂರ್ತಿ ಬಿಡಿ. ಅನ್ನ, ಬ್ರೆಡ್ಡು, ಆಲೂಗಡ್ಡೆ ತೀರಾ ಕಮ್ಮಿ ಮಾಡಿ. ಹತೋಟಿಗೆ ಬರೋವರೆಗೂ ಕ್ರೇನ್ ಹತ್ತೋ ಹಾಗಿಲ್ಲ."

ಅವಳನ್ನು ಉಗ್ರಾಣಕ್ಕೆ ಹಾಕಿದರು. ನೆಲದ ಮೇಲಿನ ಬದುಕು ಅವಳಿಗೆ ಒಗ್ಗಲಿಲ್ಲ. ಸಾಲದ್ದಕ್ಕೆ ಪಕ್ಕದಲ್ಲೇ ಕ್ಯಾಂಟೀನು. ಬಿಸಿ ಬನ್ನಿನ ವಾಸನೆ ಕಿಟಕಿಯಿಂದ ನುಗ್ಗಿದರೆ ಮೊಳೆ ಎಣಿಸುವ ಕೈ ಅಲ್ಲೇ ನಿಲ್ಲುತ್ತಿತ್ತು.

ಮನೆಯಲ್ಲಿ ಇನ್ನೊಂದು ಕಥೆ. ಗಂಡನಿಗೆ ಕ್ಷೌರದ ಅಂಗಡಿ. "ನಿನ್ನ ಜೊತೆ ನಾನೂ ಸಿಹಿ ಬಿಟ್ಟೆ" ಎಂದು ದೊಡ್ಡದಾಗಿ ಘೋಷಿಸಿದ್ದ. ಬಟ್ಟೆ ಒಗೆಯುವಾಗ ಅವನ ಅಂಗಿಯ ಜೇಬಿನಿಂದ ಮಿಠಾಯಿಯ ಕಾಗದಗಳು ಉದುರಿದವು.

"ಏನ್ರೀ ಇದು?"

"ಅದು... ಅಂಗಡಿಗೆ ಬರೋ ಮಕ್ಕಳಿಗೆ."

"ಮಿಠಾಯಿ ಮಕ್ಕಳಿಗೆ, ಕಾಗದ ನಿಮಗಾ?"

ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅವನು ಅಡಗಿಸಿಟ್ಟಿದ್ದ ಡಬ್ಬಿಯನ್ನು ಪಕ್ಕದ ಮನೆಗೆ ಕೊಟ್ಟುಬಂದ. ಅಂದಿನಿಂದ ನಿಜಕ್ಕೂ ಬಿಟ್ಟ.

ಆದರೆ ಎಡವಿದ್ದು ಅವಳೇ. ಸಹೋದ್ಯೋಗಿಯೊಬ್ಬಳ ಹುಟ್ಟುಹಬ್ಬಕ್ಕೆ ತಂದ ಕೇಕಿನಲ್ಲಿ ಉಳಿದದ್ದನ್ನು, ಬಾಗಿಲು ಮುಂದೆ ಮಾಡಿಕೊಂಡು, ಕೈಯಿಂದಲೇ ಬಳಿದು ತಿಂದಳು. ಆಮೇಲೆ ನಾಚಿಕೆಯಿಂದ ಕುಗ್ಗಿಹೋದಳು. ಮುಂದಿನ ಭೇಟಿಯಲ್ಲಿ ವೈದ್ಯೆಯ ಮುಂದೆ ಕೇಕಿನ ವಿಷಯ ಹೇಳಿ ಅತ್ತೇಬಿಟ್ಟಳು.

"ಅಳು ಇರಲಿ. ಅವತ್ತು ಮಧ್ಯಾಹ್ನ ಏನು ಊಟ ಮಾಡಿದ್ರಿ?"

"ಸೌತೆಕಾಯಿ."

"ಅಷ್ಟೇನಾ? ಅದನ್ನ ಊಟ ಅಂತಾರಾ? ನಾನು ಸಕ್ಕರೆ ಬಿಡಿ ಅಂದೆ, ಉಪವಾಸ ಮಾಡಿ ಅನ್ನಲಿಲ್ಲ. ಹಸಿದ ಹೊಟ್ಟೆ ಸುಮ್ಮನೆ ಬಿಡುತ್ತಾ? ಮೊಟ್ಟೆ, ಮೀನು, ಸೊಪ್ಪು ಹೊಟ್ಟೆ ತುಂಬ ತಿನ್ನಿ, ಆಮೇಲೆ ನೋಡಿ."

ಕ್ರೇನಕ್ಕನಿಗೆ ಆ ಮಾತು ನಾಟಿತು. ಮರುದಿನದಿಂದ ಗಂಡ ಬೇಯಿಸಿದ ಮೊಟ್ಟೆ, ಬೆಣ್ಣೆಯಲ್ಲಿ ಬಾಡಿಸಿದ ಸೊಪ್ಪು ಡಬ್ಬಿಗೆ ಗಟ್ಟಿಯಾಗಿ ತುಂಬಿಕೊಡತೊಡಗಿದ. ಸಿಹಿಯ ಚಪಲ ಬರುವುದು ನಿಲ್ಲಲಿಲ್ಲ, ಅದರ ಜೋರು ಮಾತ್ರ ಇಳಿಯಿತು. ಬಂದಾಗ ಅವಳು ಒಂದು ಲೋಟ ನೀರು ಕುಡಿದು, ಉಗ್ರಾಣಕ್ಕೆ ಒಂದು ಸುತ್ತು ಹಾಕುತ್ತಿದ್ದಳು. ಸುತ್ತು ಮುಗಿಯುವಷ್ಟರಲ್ಲಿ ಅದು ಬಂದ ದಾರಿ ಹಿಡಿದಿರುತ್ತಿತ್ತು. ಕ್ಯಾಂಟೀನಿನವನು "ಅಕ್ಕಾ, ಬನ್ನು ಬಿಸಿ ಇದೆ" ಅಂದರೆ, "ನೀನೇ ತಿನ್ನಪ್ಪ, ಬಡಕಲಾಗಿದ್ದೀಯ" ಅನ್ನುವಷ್ಟು ಧೈರ್ಯ ಬಂತು.

ಮಳೆಗಾಲ ಕಳೆಯುವ ಹೊತ್ತಿಗೆ ಕಣ್ಣು ತಿಳಿಯಾಗಿತ್ತು. ರಕ್ತಪರೀಕ್ಷೆ ನೋಡಿ ವೈದ್ಯೆ ಕುರ್ಚಿಯಿಂದೆದ್ದು ಕೈ ಕುಲುಕಿದಳು. "ಇನ್ನು ಕ್ರೇನ್ ಹತ್ತಿ!"

ಅವಳು ಹತ್ತಿದಳು. ಮೊದಲು ಅರ್ಧ ದಾರಿಗೇ ಏದುಸಿರು ಬಿಡುತ್ತಿದ್ದವಳು, ಈಗ ಎಲ್ಲೂ ನಿಲ್ಲದೆ ತುದಿ ಮುಟ್ಟಿದಳು. ಆ ದಿನ ಛಾವಣಿಯ ಅತಿ ಭಾರದ ತೊಲೆ ಕೂರಿಸಬೇಕಿತ್ತು. ಗಂಡ ಅಂಗಡಿಗೆ ಬೀಗ ಹಾಕಿ, ಬೇಲಿಯಾಚೆ ಕತ್ತೆತ್ತಿ ನಿಂತಿದ್ದ. ಕೆಳಗಿನವನ ಬೆರಳ ಸನ್ನೆಯೂ ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ತೊಲೆ ಮೆಲ್ಲನೆ ಜರುಗಿ, ಕಂಬಗಳ ಮೇಲೆ ಕೂದಲೆಳೆಯೂ ಆಚೀಚೆಯಾಗದಂತೆ ಕೂತಿತು.

"ಕೂತ್ಕೊಳ್ತು ಅಕ್ಕಾ!" ಎಂದು ವಾಕಿಟಾಕಿ ಕೂಗಿತು. ಕೆಳಗೆ ಶಿಳ್ಳೆ, ಚಪ್ಪಾಳೆ. ಕ್ರೇನಕ್ಕ ಕಿಟಕಿಯಿಂದ ಕೈ ಹೊರಹಾಕಿ ಊರಿಗೆಲ್ಲ ಕಾಣುವಂತೆ ಬೀಸಿದಳು.