ಹಿಡಿ ಅಕ್ಕಿ ನಿಂತ ಕಾರಣ

ಎಸ್ತೇರಕ್ಕ, ಆ ಸಂಜೆ ನಿಮ್ಮ ಆಶ್ರಮದಲ್ಲಿ ಪ್ರಾರ್ಥನೆ ನಡೆಯದಂತೆ ಮಾಡಿದವಳು ನಾನು. ನಡೆಯಲಿಲ್ಲ ಎಂದು ಚರ್ಚಿನ ಸಭೆಯ ಮುಂದೆ ಹೇಳಿದವಳೂ ನಾನೇ. ನಿಮಗಿದು ಹೊಸದಲ್ಲ. ನನ್ನ ಬಾಯಿಂದ ಬರುವುದು ಮಾತ್ರ ಇದೇ ಮೊದಲು.

ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನ ನಮ್ಮ ಸಭೆಯ ಹೆಂಗಸರು ಅಕ್ಕಿ ತೊಳೆಯುವ ಮುಂಚೆ ಒಂದು ಹಿಡಿ ದೇವರಿಗೆಂದು ತೆಗೆದಿಡುತ್ತಿದ್ದೆವು. ಭಾನುವಾರ ಅದು ಚರ್ಚಿಗೆ ಬರುತ್ತಿತ್ತು. ಒಟ್ಟುಮಾಡಿ ಮೂಟೆ ಕಟ್ಟಿಸುವುದು ನನ್ನ ಕೆಲಸ. ಮೂಟೆ ಬಂಗಾರಪೇಟೆಗೆ, ನಿಮ್ಮ ಆಶ್ರಮಕ್ಕೆ ಹೋಗುತ್ತಿತ್ತು. ಗಣಿಯಲ್ಲಿ ಗಂಡನನ್ನು ಕಳೆದುಕೊಂಡು ದಿಕ್ಕಿಲ್ಲದೆ ನಿಂತವರನ್ನು ನೀವು ಅಲ್ಲಿ ಇಟ್ಟುಕೊಂಡಿದ್ದಿರಿ — ಜಾತಿ ಕೇಳದೆ, ಮತ ಕೇಳದೆ, ಯಾವ ಮಿಷನ್ನಿನ ಅಪ್ಪಣೆಗೂ ಕಾಯದೆ.

ಈ ಕೊನೆಯದು ಕೆಲವರಿಗೆ ಸರಿಬರಲಿಲ್ಲ. ಸಭೆಯ ಕೈಕೆಳಗಿಲ್ಲದ ಸಂಸ್ಥೆಗೆ ಸಭೆಯ ಕಾಣಿಕೆ ಯಾಕೆ ಹೋಗಬೇಕು ಎಂದು ಹಿರಿಯರೊಬ್ಬರು ಕೇಳಿದರು. ಕೇಳಬಾರದ ಪ್ರಶ್ನೆಯೇನಲ್ಲ. ಹೋಗಿ ನೋಡಿಕೊಂಡು ಬಾ ಎಂದು ನನ್ನನ್ನೇ ಕಳಿಸಿದರು.

ನೋಡಿದೆ. ಊಟ ಹಾಕಿದಿರಿ — ಒಂದು ಅಗುಳು ಮೆತ್ತಗೆ, ಒಂದು ಅಗುಳು ಗಟ್ಟಿ. "ನಿಮ್ ಸಬೆ ಅನ್ನಾನೇ ಕಣಮ್ಮ. ಒಬ್ಬೊಬ್ರ ಮನೇದು ಒಂದೊಂದ್ ತರ ಬೇಯ್ತದೆ" ಎಂದು ನಕ್ಕಿರಿ. ಕಾಮಸಮುದ್ರದ ಕಡೆಯ ಮುನಿಯಮ್ಮ, ಹಣೆಯ ತುಂಬ ವಿಭೂತಿ, ಕಣ್ಣು ಮಂಜು — ನನ್ನ ತಟ್ಟೆ ತಡವಿ ನೋಡಿ ಇನ್ನೊಂದು ಸೌಟು ಬಡಿಸಿದಳು.

ಸಂತೋಷವಾಗಬೇಕಿತ್ತು. ಹೊಟ್ಟೆ ಉರಿಯಿತು. ನಾವಿಬ್ಬರೂ ಒಂದೇ ಶಾಲೆಯಲ್ಲಿ ಪಾಠ ಹೇಳಿದವರು. ನೀವು ಕೆಲಸ ಬಿಟ್ಟು ಹೊರಟಾಗ ಹುಚ್ಚು ಎಂದು ಆಡಿಕೊಂಡಿದ್ದೆ. ಆ ಹುಚ್ಚು ಇಷ್ಟು ಜನಕ್ಕೆ ಅನ್ನ ಹಾಕುತ್ತಿತ್ತು. ನಾನು ಮೂಟೆ ಕಟ್ಟಿಸುವವಳಾಗಿಯೇ ಉಳಿದಿದ್ದೆ.

ಸಂಜೆ ದೀಪ ಹಚ್ಚಿ, ಎಲ್ಲರನ್ನೂ ಕೂರಿಸಿ, ನೀವು ಬೈಬಲ್ ತೆರೆದಿರಿ. ನಾನು ಎದ್ದು ನಿಂತೆ. ಟ್ರೈನಿಗೆ ಹೊತ್ತಾಯಿತು, ಸ್ಟೇಷನ್ ತನಕ ಬನ್ನಿ ಎಂದೆ. ನೀವು ತೆರೆದ ಪುಟಕ್ಕೆ ಗುರುತಿಟ್ಟು ಬೈಬಲ್ ಮುಚ್ಚಿದಿರಿ. ಆಮೇಲೆ, "ನಡಿಯಮ್ಮ, ಕತ್ಲಾಗ್ತದೆ, ಒಬ್ಳೇ ಎಂಗೋಗ್ತೀಯ. ಪ್ರಾರ್ತ್ನೆ ಬಂದ್ಮೇಲೆ ಮಾಡ್ಕಂತೀವಿ" ಎಂದು ಚಪ್ಪಲಿ ಮೆಟ್ಟಿದಿರಿ.

ಭಾನುವಾರ ಹಿರಿಯರು ಕೇಳಿದರು: "ಅಲ್ಲಿ ಸಂಜೆ ಪ್ರಾರ್ಥ್ನೆ ನಡೀತದೇನಮ್ಮ?"

"ನಾನಿದ್ದಾಗ ನಡೀಲಿಲ್ಲ."

ಒಂದಕ್ಷರವೂ ಸುಳ್ಳಲ್ಲ. ಯಾಕೆ ನಡೆಯಲಿಲ್ಲ ಎಂದು ಯಾರೂ ಕೇಳಲಿಲ್ಲ — ಕೇಳದಿದ್ದರೇನು, ಹೇಳಬಹುದಿತ್ತು. ಹೇಳದೆ ಕೂತುಬಿಟ್ಟೆ. ಪ್ರಾರ್ಥನೆಯಿಲ್ಲದ ಕಡೆಗೆ ಕಾಣಿಕೆ ಬೇಡವೆಂದರು; ಅಂದಿನಿಂದ ಅಕ್ಕಿ ನಮ್ಮಲ್ಲೇ ಹರಾಜಾಗತೊಡಗಿತು, ಆ ಹಣದಲ್ಲಿ ಚರ್ಚಿಗೆ ಕಾಂಪೌಂಡ್ ಗೋಡೆ ಎದ್ದಿತು.

ಅಕ್ಕಿ ನಿಂತು ನಿಮ್ಮ ಆಶ್ರಮ ಮುಚ್ಚಿತು. ಮುನಿಯಮ್ಮನನ್ನು ಬಸ್ಸು ಹತ್ತಿಸಿದಿರಂತೆ — ಬೇಡವೆಂದು ಹೊರಗೆ ಹಾಕಿದ್ದ ಮೈದುನನ ಮನೆಗೇ. ದನದ ಕೊಟ್ಟಿಗೆಯಲ್ಲಿ ಮಲಗಿಸಿದ್ದರು, ಬಹಳ ದಿನ ಬದುಕಲಿಲ್ಲ ಎಂದು ಕೇಳಿದೆ.

ಆಮೇಲೊಮ್ಮೆ ಬಂಗಾರಪೇಟೆ ಮಾರ್ಕೆಟ್ಟಿನಲ್ಲಿ ನೀವು ಎದುರಾದಿರಿ. ಬೈಯುತ್ತೀರಿ ಎಂದುಕೊಂಡೆ — ಬೈದಿದ್ದರೆ... ನೀವು ನನ್ನ ಕೈ ಹಿಡಿದು, "ಆವತ್ತು ಇನ್ನೊಂದ್ ಟ್ರೈನ್ ಇತ್ತಲ್ಲಮ್ಮ" ಎಂದಿರಿ. ಅಷ್ಟೇ.

ಇತ್ತು ಅಕ್ಕ. ಎದ್ದು ನಿಂತಾಗಲೇ ಅದು ನನಗೆ ಗೊತ್ತಿತ್ತು.

ಈಗ ಇನ್ನೊಂದು ಆಶ್ರಮದವರು ನಮ್ಮ ಸಭೆಯನ್ನು ಅಕ್ಕಿ ಕೇಳಿದ್ದಾರೆ. ಅದೂ ಯಾರ ಕೈಕೆಳಗೂ ಇಲ್ಲದ್ದು. ಕೊಡಬೇಕೋ ಬೇಡವೋ ಭಾನುವಾರ ಸಭೆ ತೀರ್ಮಾನಿಸಲಿ. ಅದಕ್ಕೆ ಮೊದಲು ನಾನು ಎದ್ದು ಇದಿಷ್ಟನ್ನೂ ಹೇಳುತ್ತೇನೆ. ಹೇಳಿ ನೇರ ನಿಮ್ಮ ಮನೆಗೆ ಬರುತ್ತೇನೆ. ನೀವು ಕೂರಿಸಿಕೊಂಡರೆ ಸಂಜೆ ಪ್ರಾರ್ಥನೆಗೆ ಕೂರುತ್ತೇನೆ, ಮುಗಿಯುವ ತನಕ ಏಳುವುದಿಲ್ಲ. ಮುನಿಯಮ್ಮ ಮಾತ್ರ ಅಲ್ಲಿರುವುದಿಲ್ಲ.