ಸೂಡಿಯ ಹೊಳೆವ್ವನ ಬೋಗೋಣಿ

ಗಜೇಂದ್ರಗಡದ ಕಲಾಯಿ ಮೋದಿನಸಾಬರ ಅಂಗಡಿ ಎಂದರೆ ಪಾತ್ರೆ ಬಿಟ್ಟು ಹೋಗುವ ಜಾಗ. ಹಳ್ಳಿಯ ಹೆಂಗಸರು ಬೆಳಗಿನ ಬಸ್ಸಿಗೆ ಬಂದು, ಹಿತ್ತಾಳೆ ಬೋಗೋಣಿಗಳನ್ನು ಅವರ ಮುಂದಿಟ್ಟು, ಸಂತೆಗೋ ದವಾಖಾನೆಗೋ ನಡೆದುಬಿಡುತ್ತಿದ್ದರು. ಚೀಟಿ ಇಲ್ಲ, ಏನೂ ಇಲ್ಲ. ಅದೇ ದಿನ ಬಂದರೂ ಸೈ, ಆರು ತಿಂಗಳು ಬಿಟ್ಟು ಬಂದರೂ ಸೈ, ಒಳಗೆಲ್ಲ ತವರ ಬಳಿದು ಬೆಳ್ಳಗೆ ಹೊಳೆಯುವ ಪಾತ್ರೆ ಅವರಿಗಾಗಿ ಕಾದಿರುತ್ತಿತ್ತು. ನಲವತ್ತು ವರ್ಷದಲ್ಲಿ ಅವರ ಕೈಯಲ್ಲಿ ಒಂದು ಚಮಚೆಯೂ ಕಳೆದಿರಲಿಲ್ಲ. ಅಂಥವರ ಹೆಸರು ಕೆಡಿಸಿದವಳು ನಾನು. ಸಾಲಿ ಅಕ್ಕೋರು ನಾನು, ಸುಳ್ಳು ಹೇಳಬಾರದು ಎಂದು ಮಕ್ಕಳಿಗೆ ಕಲಿಸಿ ಪಗಾರ ತೆಗೆದುಕೊಳ್ಳುವವಳು.

೨೦೦೫ರಲ್ಲಿ ನಾವು ಹೊಸ ಮನೆಗೆ ಹೋದಾಗ ಮಗಳು ದೇವಿಕಾಳಿಗೆ ಏಳು ವರ್ಷ. ಹಳೆ ಸಾಮಾನಿನಿಂದ ಮಕ್ಕಳ ಕೋಣೆ ಸಿಂಗರಿಸಿದ ಚಿತ್ರಗಳನ್ನು ಯಾವುದೋ ಮಾಸಪತ್ರಿಕೆಯಲ್ಲಿ ನೋಡಿದ್ದೆ. ಅಂದಿನಿಂದ ನನಗೆ ಅದೇ ಹುಚ್ಚು. ರೋಣದ ಗುಜರಿ ಅಂಗಡಿಯಿಂದ ಕೆಟ್ಟ ರೇಡಿಯೊ ತಂದು, ಒಳಗಿನದೆಲ್ಲ ಕಿತ್ತು, ಅವಳ ಪುಸ್ತಕಕ್ಕೆ ಗೂಡು ಮಾಡಿದೆ. ನರಗುಂದದಲ್ಲಿ ಸಿಕ್ಕ ಕಾಳು ಅಳೆಯುವ ಸೇರಿನಲ್ಲಿ ಪೆನ್ಸಿಲ್ಲುಗಳು ನಿಂತವು. ಎತ್ತಿನ ಕೊರಳಗಂಟೆಗಳನ್ನು ಕಿಟಕಿಗೆ ಕಟ್ಟಿದಾಗ ನಮ್ಮವರು, “ಇನ್ನ ಒಂದ ಎತ್ತ ತಂದು ಕಟ್ಟಿಬಿಡು, ಕೋಣಿ ಪೂರಾ ಆಗ್ತೈತಿ,” ಎಂದು ನಕ್ಕರು. ನನಗೆ ದೀಪವೊಂದು ಬಾಕಿ ಇತ್ತು.

ಆ ಬೋಗೋಣಿ ಮೋದಿನಸಾಬರ ಅಂಗಡಿಯ ಹಲಗೆಯ ಮೇಲೆ ಕಂಡಿತು. ಚಿಕ್ಕದು, ದುಂಡು ಹೊಟ್ಟೆಯದು. ಕಂಠದ ಸುತ್ತ ಚುಕ್ಕಿ ಹೊಡೆದು ‘ಹೊಳೆವ್ವ, ಸೂಡಿ’ ಎಂದು ಬರೆಸಿದ್ದರು. ಬೋರಲು ತೂಗುಹಾಕಿ, ತೂತು ಕೊರೆಸಿ, ಒಳಗೊಂದು ಬಲ್ಬು ಹಚ್ಚಿದರೆ ಗೋಡೆ ತುಂಬ ಬೆಳಕಿನ ಚಿತ್ರ ಮೂಡುತ್ತದೆ ಎಂದುಕೊಂಡೆ.

“ಅದು ಮಾರೂದಲ್ರೀ ಅಕ್ಕೋರ,” ಎಂದರು ಮೋದಿನಸಾಬರು. “ಕಲಾಯಿಗೆ ಬಿಟ್ಟಾಳ. ಆಮ್ಯಾಲ ದುಡಿಯಾಕ ಗೋವಾಕ್ಕ ಹ್ವಾದ್ಲಂತ.”

“ಯಾವಾಗ?”

“ಏಳು ವರ್ಷಾತು.”

“ಏಳು ವರ್ಷ ಬರದಾಕಿ ಇನ್ನ ಬರ್ತಾಳೇನ್ರಿ?”

“ಬರ್ಲಿ ಬಿಡ್ಲಿ, ಪಾತ್ರಿ ಆಕಿದು.”

ಮೂರು ಸಲ ಕೇಳಿದೆ, ಮೂರು ಸಲವೂ ಇಲ್ಲವೆಂದರು. ನನಗೂ ಸಿಟ್ಟು ಬಂತು. ನಾಲ್ಕನೆಯ ಸಲ ದೇವಿಕಾಳನ್ನು ಕರೆದೊಯ್ದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಸಿದ್ದೆ. “ಅಜ್ಜಾ, ಕತ್ತಲಾಗ ಒಬ್ಬಾಕಿನ ಮಲಗಾಕ ನನಗ ಅಂಜಿಕಿ ಬರ್ತೈತಿ,” ಎಂದು ಒಪ್ಪಿಸಿದಳು. ಅವಳಿಗೆ ಯಾವ ಅಂಜಿಕೆಯೂ ಇರಲಿಲ್ಲ. ಮೋದಿನಸಾಬರು ಅವಳ ಮುಖ ನೋಡಿದರು, ಬೋಗೋಣಿ ಕೆಳಗಿಳಿಸಿದರು. ಚಂದ್ರ, ಚುಕ್ಕಿ, ಮೀನು ಎಲ್ಲ ತೂತುಗಳಲ್ಲೇ ಮೂಡಿಸಿಕೊಟ್ಟರು. ಕೆಲಸದ ಕೂಲಿ ಬಿಟ್ಟು ಬೋಗೋಣಿಗೆಂದು ದುಡ್ಡು ಮುಟ್ಟಲಿಲ್ಲ.

ಎಂಟು ತಿಂಗಳು ಕಳೆದಿರಬೇಕು. ಯುಗಾದಿ ಹತ್ತಿರ ಬಂದಿತ್ತು. ಸಾಲಿ ಬಿಟ್ಟ ಮೇಲೆ ನಮ್ಮ ಪಾತ್ರೆ ಒಯ್ಯಲು ನಾನೂ ದೇವಿಕಾಳೂ ಅಂಗಡಿಗೆ ಹೋಗಿ ನಿಂತಿದ್ದೆವು. ಆಗ ಒಬ್ಬ ಹೆಂಗಸು ಬಂದಳು, ಜೊತೆಗೆ ವಯಸ್ಸಿಗೆ ಬಂದ ಮಗಳು.

“ಸಾಬ್ರ, ಗುರ್ತ ಸಿಕ್ತೇನ್ರಿ? ನಾನ್ರಿ, ಸೂಡಿ ಹೊಳೆವ್ವ. ಈಕಿದು ಲಗ್ನ ಕೂಡೇತ್ರಿ. ನಮ್ಮವ್ವ ನನ್ನ ಹೆಸರ ಬರಸಿ ಕೊಟ್ಟ ಬೋಗೋಣಿ ಈಕಿಗೆ ಕೊಟ್ಟು ಕಳಸಬೇಕಂತ ಬಂದೆ. ಅವ್ವಂದು ಅಂತ ಅದೊಂದ ಉಳದೈತ್ರಿ.”

ತಿದಿ ಒತ್ತುತ್ತಿದ್ದ ಮೋದಿನಸಾಬರ ಕೈ ನಿಂತಿತು. ಒಂದೇ ಒಂದು ಸಲ ನನ್ನ ಕಡೆ ನೋಡಿದರು. ನಾನು ಕೆಂಡ ನೋಡುತ್ತ ನಿಂತೆ. ದೇವಿಕಾ, “ಅವ್ವಾ, ಅದು ನಮ್ಮ…” ಎಂದಳು. ಅವಳ ಕೈ ಹಿಡಿದಿದ್ದೆನಲ್ಲ, ಬಳೆ ಒತ್ತುವಷ್ಟು ಬಿಗಿಯಾಗಿ ಹಿಚುಕಿದೆ. ಹುಡುಗಿ ಬಾಯಿ ಮುಚ್ಚಿದಳು.

“ನಿನ್ನ ಬೋಗೋಣಿ ನನ್ನ ಕೈಯಾಗ ಕಳದ ಹೋತವ್ವಾ,” ಎಂದರು ಮೋದಿನಸಾಬರು. “ತಪ್ಪು ನಂದು.”

ಅವಳು ಜಗಳ ತೆಗೆದಿದ್ದರೆ ನಾನು ಬಾಯಿ ಬಿಡುತ್ತಿದ್ದೆನೇನೋ. ಹೊಳೆವ್ವ ಸೆರಗಿನಿಂದ ಮೂಗು ಒರೆಸಿಕೊಂಡು, “ನೀವೇನ ಬೇಕಂತ ಕಳದೀರೇನ್ರಿ? ನಾನ ಲಗೂ ಬರಬೇಕಿತ್ತು,” ಎಂದಳು. ಮೋದಿನಸಾಬರು ಹಿಂದಿನ ಮನೆಗೆ ಹೋದರು. ಹೆಂಡತಿ ಹಸನಬಿ ಅಡಿಗೆ ಮಾಡುತ್ತಿದ್ದ ಬೋಗೋಣಿಯನ್ನೇ ತೊಳೆಸಿ ತಂದು, ನಮ್ಮೆದುರೇ ಕಲಾಯಿ ಮಾಡಿ, ಆ ಹುಡುಗಿಯ ಕೈಗೆ ಕೊಟ್ಟರು. ಅಷ್ಟು ಹೊತ್ತೂ ನಾನು ಅಲ್ಲೇ ಇದ್ದೆ.

ಮನೆಗೆ ಬಂದ ಮೇಲೆ ದೇವಿಕಾ, ಯಾಕ ಹಿಚುಕಿದಿ ಎಂದು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಮರುದಿನ ದೀಪವನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋದೆ. ತೂತು ಮುಚ್ಚಲು ಬರುತ್ತದೆಯೇ ಎಂದು ಕೇಳಿದೆ.

“ಬೆಸಿಗಿ ಹಾಕಬಹುದು. ಒಲಿ ಮ್ಯಾಲ ಇಟ್ರ ಬಿಡ್ತೈತಿ,” ಎಂದರು. “ಒಯ್ರಿ ಅಕ್ಕೋರ. ಇದು ಆಕಿ ಕಣ್ಣಿಗೆ ಬಿದ್ರ, ಕಳದದ್ದಲ್ಲ, ಕೊಟ್ಟದ್ದು ಅಂತ ಗೊತ್ತಾಗ್ತೈತಿ. ಕಳದಾಂವ ಅನ್ನಿಸ್ಕೊಂಡೇನಿ. ಅದಕ್ಕಿಂತ ಕೆಳಗ ಇಳಿಯೂದು ನನ್ನ ಕೈಲಾಗೂದಿಲ್ರಿ.”

ನಾನೇ ಹೋಗಿ ಹೇಳಬಹುದಿತ್ತು. ಸೂಡಿ ಏನು ದೂರ? ಬಸ್ಸು ಹತ್ತಿದರೆ ಇಳಿಯುವ ಊರು. ಹೋಗಲಿಲ್ಲ. ಪರೀಕ್ಷೆ ಬಂತು, ಆಮೇಲೆ ಬಿಸಿಲು ಬಂತು, ನೆಪಕ್ಕೇನು ಬರ?

ಅಂದಿನಿಂದ ಮೋದಿನಸಾಬರು ಯಾರ ಪಾತ್ರೆಯನ್ನೂ ಇಟ್ಟುಕೊಳ್ಳಲಿಲ್ಲ. ಬಸ್ಸು ತಪ್ಪುತ್ತದೆ ಎಂದು ಹೆಂಗಸರು ಗೋಗರೆದರೂ, ನಿಂತು ಮಾಡಿಸಿಕೊಂಡು ಹೋಗ್ರಿ ಎನ್ನುತ್ತಿದ್ದರು. ಸಾಬರಿಗೆ ಅರುಳು ಮರುಳು ಎಂದು ಊರಲ್ಲಿ ಮಾತಾಡಿಕೊಂಡರು. ಕಾಯಲು ಪುರುಸೊತ್ತಿಲ್ಲದವರು ಸ್ಟೀಲ್ ಪಾತ್ರೆ ಕೊಂಡರು.

ಮುಂದಿನ ದೀಪಾವಳಿಗೆ ನಾನು ಎರಡು ಪಾತ್ರೆ ಒಯ್ದು ಎಂದಿನಂತೆ ಅವರ ಮುಂದಿಟ್ಟೆ.

“ಬಿಟ್ಟು ಹೋಗಬ್ಯಾಡ್ರಿ ಅಕ್ಕೋರ,” ಎಂದರು. “ಇಲ್ಲೇ ಕುಂದರ್ರಿ. ನಿಮ್ಮ ಕಣ್ಣಮುಂದ ಮಾಡಿ, ಕೈಯಾಗ ಕೊಡ್ತೇನಿ.”

ಆ ಮಾತಿನಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ. ತಮ್ಮ ಕೈಯ ಮೇಲೇ ಅವರಿಗೆ ನಂಬಿಕೆ ಹೋಗಿತ್ತು. ಮಣೆ ಸರಿಸಿದರು. ಒಂದು ತಾಸು ಅದರ ಮೇಲೆ ಕುಳಿತಿದ್ದೆ. ದೇವಿಕಾಳಿಗೆ ಯಾವ ಅಂಜಿಕೆಯೂ ಇರಲಿಲ್ಲ, ಹಾಗೆ ಹೇಳಿಸಿದವಳು ನಾನು ಎಂಬ ಮಾತು ಆಗಲೂ ನನ್ನ ಬಾಯಿಂದ ಬರಲಿಲ್ಲ.