ಮೇಲಿನ ಪಟ್ಟಿ, ಕೆಳಗಿನ ಪಟ್ಟಿ

ಈ ಮಾತನ್ನು ಇಪ್ಪತ್ತು ವರ್ಷ ಮುಂದೂಡುತ್ತ ಬಂದೆ. ನನ್ನ ತಪ್ಪಿಗೆ ಇನ್ನೊಬ್ಬನ ಕೆಲಸ ಹೋಯಿತು. ನಾನು ಬಾಯಿ ಬಿಡಲಿಲ್ಲ. ಬಿಡಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ — ಬಾಯಿ ಬಿಟ್ಟು ಸುಳ್ಳೇ ಹೇಳಿದೆ.

ನರಗುಂದದ ಒಂದು ಅಂಗಡಿಯ ಪರವಾಗಿ ನಾವಿಬ್ಬರು ಮನೆಮನೆಗೆ ಹೋಗಿ ಟಿವಿಯ ಡಿಶ್ ಛತ್ರಿ ಕೂಡಿಸುತ್ತಿದ್ದೆವು. ನಾನು ಎಸ್ಸೆಸ್ಸೆಲ್ಸಿ ಪಾಸಾದವನು, ಇಂಗ್ಲಿಷ್ ಕೈಪಿಡಿ ಓದಬಲ್ಲವನು ಎಂದು ಮಾಲೀಕರಿಗೆ ಹೆಮ್ಮೆ. ನನ್ನ ಜೊತೆಗಾರನಿಗೆ ಅಕ್ಷರ ಬಾರದು. ಆದರೆ ಛತ್ರಿಯನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿ ಚಿತ್ರ ತರುತ್ತಿದ್ದವನು ಅವನೇ. ನಾನು ಪಕ್ಕದಲ್ಲಿ ನಿಂತು ಸಿಗ್ನಲ್, ಎಲ್‌ಎನ್‌ಬಿ, ಫ್ರೀಕ್ವೆನ್ಸಿ ಎನ್ನುತ್ತ ಜನರ ಕಣ್ಣಲ್ಲಿ ದೊಡ್ಡವನಾಗುತ್ತಿದ್ದೆ. ಆ ಶಬ್ದಗಳನ್ನು ಓದಲು ಬರುತ್ತಿತ್ತು, ಅಷ್ಟೆ.

ಗಜೇಂದ್ರಗಡದಲ್ಲಿ ಸೀರೆ ನೇಯುವವರ ಒಂದು ಮನೆ. ಮಾಳಿಗೆಯ ಮೇಲೆ ಟಿವಿ ತಂದಿಟ್ಟುಕೊಂಡು ಅವನು ಛತ್ರಿ ಕೂಡಿಸಿದ. ಚಿತ್ರ ಸ್ವಚ್ಛವಾಗಿ ಬಂತು. ಸಿಗ್ನಲ್ ನೋಡಲು ಪರದೆಯ ಮೇಲೆ ಎರಡು ಪಟ್ಟಿಗಳಿರುತ್ತವೆ. ಮೇಲಿನದು ಸ್ಟ್ರೆಂತ್, ಕೆಳಗಿನದು ಕ್ವಾಲಿಟಿ. ಮೇಲಿನದು ಅರ್ಧವೇ ತುಂಬಿತ್ತು. ಅದು ನನಗೆ ಕೊರತೆಯಾಗಿ ಕಂಡಿತು — ಅಥವಾ ನಾನೂ ಏನಾದರೂ ಮಾಡಿ ತೋರಿಸಬೇಕಿತ್ತು. ಅವನನ್ನು ಸರಿಸಿ ಛತ್ರಿ ತಿರುಗಿಸಿದೆ. ಮೇಲಿನ ಪಟ್ಟಿ ಏರಿತು. ಕೆಳಗಿನದು ಪೂರ್ತಿ ಇಳಿಯಿತು. ಚಿತ್ರ ಹೋಗಿ ಪರದೆ ನೀಲಿಯಾಯಿತು.

“ಅಣ್ಣಾ, ಮ್ಯಾಲಿನ ಪಟ್ಟಿ ಬಿಡ್ರಿ,” ಎಂದ ಅವನು ಮೆಲ್ಲಗೆ. “ಕೆಳಗಿಂದು ತುಂಬಿದ್ರ ಚಿತ್ರ ಬರ್ತೈತಿ.”

ಮನೆಯ ಅಜ್ಜಿ ನೋಡುತ್ತಿದ್ದಳು. “ನಾವು ನೂಲಿಗೆ ಬಣ್ಣ ಹಾಕ್ತೀವಿ. ಈ ಸಾಲಿ ಕಲ್ತ ಯಪ್ಪ ಟಿವಿಗೇ ಹಾಕಿದ ನೋಡ್ರಿ.”

ಎಲ್ಲರೂ ನಕ್ಕರು. ಅವನು ನಗಲಿಲ್ಲ; ನನ್ನ ಪರವಾಗಿ ತಾನೇ ನಾಚಿದಂತೆ ತಲೆ ತಗ್ಗಿಸಿದ. ಅದನ್ನು ನನ್ನಿಂದ ಸಹಿಸಲಾಗಲಿಲ್ಲ.

“ಎಬಿಸಿಡಿ ಬರದಾಂವ ನನಗ ಕಲಸ್ತೀಯೇನಲೇ? ಎಲ್‌ಎನ್‌ಬಿ ಕೆಡಿಸಿದಾಂವ ನೀನ.”

ಎಲ್‌ಎನ್‌ಬಿ ಎಂದರೆ ಛತ್ರಿಯ ಮುಂದೆ ಕೋಲಿನ ತುದಿಯಲ್ಲಿದ್ದು, ಆಕಾಶದಿಂದ ಬಂದದ್ದನ್ನು ಹಿಡಿದು ಒಳಗೆ ಕಳಿಸುವ ಭಾಗ. ಅದಕ್ಕೆ ಏನೂ ಆಗಿರಲಿಲ್ಲ. ಹೊಸದು ತರಬೇಕೆಂದು ಮನೆಯವರಿಗೆ ಹೇಳಿ, ಅವನಿಗೆ ಛತ್ರಿ ಮುಟ್ಟಗೊಡದೆ ಹೊರಡಿಸಿಕೊಂಡು ಬಂದೆ. ಸಂಜೆ ಮಾಲೀಕರಿಗೂ ಅದೇ ಸುಳ್ಳು ಹೇಳಿದೆ. ಮರುದಿನ ಬೆಳಿಗ್ಗೆ ಅವರು ಅವನಿಗೆ ಇನ್ನು ಬರಬೇಡ ಎಂದರು. ಅವನು ನನ್ನ ಕಡೆ ಒಮ್ಮೆ ನೋಡಿದ. ನಟ್ಟು ಬಿಗಿಯುವ ಪಾನಾವನ್ನು ಮೇಜಿನ ಮೇಲಿಟ್ಟು ಹೋದ.

ಆಮೇಲೆ ಕೈಪಿಡಿಯನ್ನು ನಿಧಾನವಾಗಿ ಓದಿದೆ. ಸ್ಟ್ರೆಂತ್ ಎಂದರೆ ಏನೋ ಬರುತ್ತಿದೆ ಎಂದಷ್ಟೆ. ಬೇಡದ ಗದ್ದಲಕ್ಕೂ ಅದು ಏರಬಹುದು. ನಮಗೆ ಬೇಕಾದ ಉಪಗ್ರಹದ್ದೇ ಸರಿಯಾಗಿ ಬರುತ್ತಿದೆಯೇ ಎಂದು ಹೇಳುವುದು ಕ್ವಾಲಿಟಿ. ಅವನು ಹೇಳಿದ್ದೇ ಸರಿ. ಮಾಲೀಕರು ಎದುರಿಗೇ ಕೂತಿದ್ದರು. ಕೈಪಿಡಿ ಮುಚ್ಚಿಟ್ಟೆ.

ಒಬ್ಬನೇ ಗಜೇಂದ್ರಗಡಕ್ಕೆ ಹೋಗಿ, ಹೊಸ ಎಲ್‌ಎನ್‌ಬಿ ಹಾಕಿ, ಕೆಳಗಿನ ಪಟ್ಟಿಯನ್ನೇ ನೋಡುತ್ತ ಚಿತ್ರ ತಂದೆ. ಅಜ್ಜಿ ಹೊಗಳಿ ಚಹಾ ಕೊಟ್ಟಳು. ಕುಡಿದೆ. ಕೆಟ್ಟಿದೆ ಎಂದು ಬಿಚ್ಚಿ ತಂದ ಎಲ್‌ಎನ್‌ಬಿಯನ್ನು ನರಗುಂದದ ಇನ್ನೊಂದು ಮನೆಗೆ ಹಾಕಿದೆ. ವರ್ಷಗಟ್ಟಲೆ ಕೆಲಸ ಮಾಡಿತು.

ಅವನನ್ನು ಮತ್ತೆ ಯಾರೂ ಛತ್ರಿ ಕೆಲಸಕ್ಕೆ ಕರೆಯಲಿಲ್ಲ. ಬೇರೆಯವರ ಹೊಲಕ್ಕೆ ಕೂಲಿಗೆ ಹೋದ. ನಾನೋ — ಎಲ್‌ಎನ್‌ಬಿ ಕೆಡಿಸಿದವನೊಬ್ಬನಿದ್ದ ಎಂದು ಹೆಸರಿಲ್ಲದ ಕಥೆ ಮಾಡಿ, ಚಹಾದಂಗಡಿಗಳಲ್ಲಿ ನಗಿಸಿದೆ.

ಹೋದ ತಿಂಗಳು ರೋಣದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. “ಅಣ್ಣಾ, ಆರಾಮ ಅದೀರಿ?” ಎಂದ. ಹೂಂ ಎಂದು ಎದುರಿಗಿದ್ದ ಬಸ್ ಹತ್ತಿಬಿಟ್ಟೆ. ಅದು ನಾನು ಹೋಗಬೇಕಾದ ಬಸ್ಸೂ ಆಗಿರಲಿಲ್ಲ.

ಅವನಿಗೆ ಇದನ್ನು ಓದಲು ಬಾರದು. ಬರೆದ ಮಾತ್ರಕ್ಕೆ ನನ್ನ ಕೆಲಸ ಮುಗಿಯುವುದಿಲ್ಲ. ಹೋಗಿ ಎದುರಿಗೆ ಕೂತು ಹೇಳಬೇಕು. ನಾನು ಇಂದಿಗೂ ಕ್ಷಮೆ ಕೇಳದಿರುವ ಆ ಮನುಷ್ಯ — ಚಿಕ್ಕನರಗುಂದದ ಫಕೀರಪ್ಪ.